ರೀವ ಹಕ್ಕಿಗಳ ದಿಬ್ಬಕ್ಕೆ ಬೋಟ್ ಹಚ್ಚಬೇಡಿ: ನವಿಲುತೀರ್ಥದ ದೋಣಿ ವಿಹಾರದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ದೋಣಿ ವಿಹಾರ, ರೇಣುಕಾಸಾಗರ ಹಿನ್ನೀರು,
ಸವದತ್ತಿ ತಾಲ್ಲೂಕು, ಬೆಳಗಾವಿ ಜಿಲ್ಲೆ

ವಿಷಯ: ಹಕ್ಕಿಗಳು ಮೊಟ್ಟೆಯಿಟ್ಟ ದಿಬ್ಬದ ಮೇಲೆ ಪ್ರವಾಸಿಗರನ್ನು ಇಳಿಸಿದ್ದು

ಮಾನ್ಯರೇ,

ದವನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂದಿದ್ದ ನಾವು ನಾಲ್ವರು ಮರುದಿನ ನಿಮ್ಮ ಬೋಟ್ ಹತ್ತಿದೆವು. ಮಲಪ್ರಭೆ ಗುಡ್ಡ ಸೀಳಿಕೊಂಡು ಹೋದ ನವಿಲುತೀರ್ಥದ ಕಂದರವನ್ನು ನೀರಿನ ಮೇಲಿಂದ ನೋಡಬೇಕೆಂಬುದು ನನ್ನ ತಾಯಿಯ ಬಹುದಿನದ ಆಸೆಯಾಗಿತ್ತು. ದೂರದಿಂದಾದರೂ ಕಣ್ತುಂಬ ನೋಡಿದರು. ಎರಡು ಲೈಫ್ ಜಾಕೆಟ್‌ಗಳ ಬಕಲ್ ಮುರಿದಿದೆ, ಕೂಡಲೇ ಬದಲಿಸಿ. ಆದರೆ ನಾನು ಈ ಪತ್ರ ಬರೆಯಲು ಕುಳಿತದ್ದು ಆಮೇಲೆ ನಡೆದದ್ದಕ್ಕೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಮರಳು, ಗರಸಿನ ದಿಬ್ಬಗಳು ಮೇಲೇಳುತ್ತವೆ. ಅಂಥದೊಂದಕ್ಕೆ ಬೋಟ್ ಹಚ್ಚಿ, "ಹತ್ತು ನಿಮಿಷ, ಫೋಟೋ ತಕ್ಕೋರಿ" ಎಂದರು. ಬೋಟ್ ಒಂದು ತಾಸು ತಡವಾಗಿ ಹೊರಟಿದ್ದರಿಂದ ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಾವಿನ್ನೂ ಇಳಿದಿರಲಿಲ್ಲ, ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲು ಬಾಲದ ಹಕ್ಕಿಗಳು ಚೀರುತ್ತ ತಲೆಯ ಮೇಲೆ ಎರಗತೊಡಗಿದವು. ಇವು ರಿವರ್ ಟರ್ನ್, ಕನ್ನಡದಲ್ಲಿ ನದಿ ರೀವ. ಕಡ್ಡಿ, ಹುಲ್ಲು ತಂದು ಗೂಡು ಕಟ್ಟುವ ಜಾತಿಯಲ್ಲ. ಬರೀ ನೆಲದಲ್ಲಿ ಸಣ್ಣ ತಗ್ಗು ಮಾಡಿ ಎರಡು ಮೂರು ಮೊಟ್ಟೆ ಇಡುತ್ತವೆ. ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ.

ನಾನು ಬೇಡ ಬೇಡ ಎಂದು ಕೂಗಿದರೂ ಇಪ್ಪತ್ತು ಜನ ಇಳಿದರು, ಸ್ಪೀಕರ್ ಹಚ್ಚಿದರು. ಹತ್ತು ನಿಮಿಷ ಹೋಗಿ ನಲವತ್ತಾಯಿತು. ಅಂಥ ಬಿಸಿಲಲ್ಲಿ ತಾಯಿಹಕ್ಕಿ ಮೊಟ್ಟೆಗೆ ತನ್ನ ಮೈಯನ್ನೇ ನೆರಳು ಮಾಡಿ ಕೂತಿರುತ್ತದೆ. ಅದನ್ನು ಎಬ್ಬಿಸಿದರೆ ಕಾದ ಮರಳಲ್ಲಿ ಮೊಟ್ಟೆಯೊಳಗಿನ ಜೀವ ಬೇಯುತ್ತದೆ. ಮರಳುವಾಗ ನನ್ನ ಮಗಳು ಒಡೆದ ಮೊಟ್ಟೆಯೊಂದನ್ನು ತೋರಿಸಿದಳು. ಪಕ್ಕದಲ್ಲೇ ಚಪ್ಪಲಿಯ ಗುರುತಿತ್ತು. ಆಚೆ ತುದಿಯಲ್ಲಿ ಕಾಗೆಗಳು ಆಗಲೇ ಇಳಿದಿದ್ದವು. ಮನೆ ಮುಟ್ಟುವ ತನಕ ಅವಳು ಒಂದು ಮಾತೂ ಆಡಲಿಲ್ಲ.

ನಿಮ್ಮ ಫಲಕದಲ್ಲಿ ಪಕ್ಷಿ ವೀಕ್ಷಣೆಗೆ ಗೈಡ್ ಇರುತ್ತಾರೆ ಎಂದು ಬರೆದಿದೆ. ಯಾರೂ ಇರಲಿಲ್ಲ. ಬೋಟ್ ನಡೆಸಿದ ಹುಡುಗನ ಮೇಲೆ ದಯವಿಟ್ಟು ಸಿಟ್ಟು ತೀರಿಸಿಕೊಳ್ಳಬೇಡಿ. "ಸಾಹೇಬ್ರು ಇಳಸು ಅಂದಾರ್ರೀ" ಎಂದು ತಲೆ ತಗ್ಗಿಸಿದ. ಯಾವ ದಿಬ್ಬದಲ್ಲಿ ಯಾವ ಹಕ್ಕಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಗೈಡ್ ಕೆಲಸವನ್ನು ಅವನಿಗೇ ಕೊಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಗೂಡಿಗೆ ತೊಂದರೆ ಕೊಡುವುದು ಎರಡೂ ‘ಬೇಟೆ’ಯ ವ್ಯಾಖ್ಯೆಯೊಳಗೇ ಬರುತ್ತವೆ. ಮಳೆಗಾಲದ ನೀರು ಏರಿ ದಿಬ್ಬಗಳು ಮುಳುಗುವವರೆಗೆ ಯಾರನ್ನೂ ಅಲ್ಲಿ ಇಳಿಸಬೇಡಿ. ದೂರದಲ್ಲೇ ಎಂಜಿನ್ ಆರಿಸಿ ತೋರಿಸಿ, ಸ್ಪೀಕರ್ ಹತ್ತಿಸಲೇಬೇಡಿ. ಇಲ್ಲದ ಗೈಡ್ ಹೆಸರಲ್ಲಿ ಪಡೆದ ನಾಲ್ಕು ಟಿಕೆಟ್‌ಗಳ 1,400 ರೂಪಾಯಿ ಹಿಂದಿರುಗಿಸಿ. ಫೋಟೋಗಳನ್ನು ಲಗತ್ತಿಸಿದ್ದೇನೆ, ಒಂದು ಪ್ರತಿ ಅರಣ್ಯ ಇಲಾಖೆಗೂ ಹೋಗಿದೆ.

ಲಿಖಿತ ಉತ್ತರಕ್ಕೆ 15 ದಿನ ತೆಗೆದುಕೊಳ್ಳಿ. ಆ ದಿಬ್ಬಕ್ಕೆ ಬೋಟ್ ಹಚ್ಚುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅಲ್ಲಿ ಇನ್ನೂ ಮೊಟ್ಟೆಗಳಿವೆ.

ಇಂತಿ,
ನಿಮ್ಮ ಬೋಟ್‌ನ ಒಬ್ಬ ಪ್ರಯಾಣಿಕ,
ಬೈಲಹೊಂಗಲ