ಗುರುತ್ವಕ್ಕೆ ತಿದ್ದುಪಡಿ ಸರಿ, ಜನರೇಟರಿಗೆ ಡೀಸೆಲ್ ಯಾವಾಗ?

ಮಾನ್ಯರೇ,

ಗುರುತ್ವದ ಕುರಿತ ಭಾನುವಾರದ ವಿಜ್ಞಾನ ಉಪನ್ಯಾಸದ ಬಗ್ಗೆ ನಿಮ್ಮ ವರದಿ ಓದಿದೆ. 'ಐನ್‌ಸ್ಟೈನ್‌ಗೆ ಸಡ್ಡು: ಕಿಕ್ಕಿರಿದ ಸಭೆ' ಅಂತ ತಲೆಬರಹ. ಕಿಕ್ಕಿರಿದಿದ್ದು ನಿಜ. ಆದರೆ ಉಪನ್ಯಾಸ ಅರ್ಧಕ್ಕೇ ನಿಂತುಹೋಯಿತು ಅನ್ನೋದು ಎಲ್ಲೂ ಇಲ್ಲ. ನಿಮ್ಮ ವರದಿಗಾರರು ಕಾಫಿ ಕುಡಿದು ಹೊರಟುಬಿಟ್ಟರೋ ಏನೋ.

ನಾನು ಕೆಂಗೇರಿ ಉಪನಗರದಿಂದ ಬೆಳಿಗ್ಗೆ ಎಂಟಕ್ಕೇ ಹೊರಟೆ. ಎರಡು ಬಸ್ಸು ಬದಲಿಸಿ, ಮೀಟರ್ ಹಾಕದ ಆಟೋಗೆ 120 ರೂಪಾಯಿ ತೆತ್ತೆ. ಜೊತೆಗೆ ಪಿಯುಸಿ ಓದುವ ಮೊಮ್ಮಗಳು. ಅವಳಿಗೆ ಮಾರನೇ ದಿನ ಕೆಮಿಸ್ಟ್ರಿ ಟೆಸ್ಟ್ ಇತ್ತು. ಅವರಮ್ಮನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ಕೂರಲು ಸಿಕ್ಕಿದ್ದು ಕಂಬದ ಹಿಂದೆ, ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿ. ಇರಲಿ.

ಉಪನ್ಯಾಸ ಕೊಟ್ಟ ಮೇಡಂ ಬಹಳ ಚೆನ್ನಾಗಿ ಹೇಳುತ್ತಿದ್ದರು. ಗುರುತ್ವ ಎಲ್ಲವನ್ನೂ ಹೇಗೆ ಒಂದೆಡೆಗೆ ಎಳೆದು ತರುತ್ತದೆ ಅಂತ ನಮ್ಮ ದೇಶದ ಭೌತವಿಜ್ಞಾನಿ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಸಮೀಕರಣ ಕೊಟ್ಟರು. ಕುಸಿಯುವ ನಕ್ಷತ್ರ ಒಂದು ಹಂತ ದಾಟಿದರೆ ಸಿಂಗ್ಯುಲಾರಿಟಿ, ಅಂದರೆ ಲೆಕ್ಕವೇ ಕೈಕೊಡುವ ತಾಣ, ತಪ್ಪಿದ್ದಲ್ಲ ಅಂತ 1965ರಲ್ಲಿ ಬ್ರಿಟನ್ನಿನ ಗಣಿತಜ್ಞ ಪೆನ್‌ರೋಸ್ ತೋರಿಸಿದರು. ಅಂದರೆ ಅಲ್ಲಿ ಐನ್‌ಸ್ಟೈನ್ ಗುರುತ್ವದ ಸೂತ್ರವೇ ಕೈಚೆಲ್ಲುತ್ತದೆ. ಅದನ್ನು ತಪ್ಪಿಸೋಕೆ ಸೂತ್ರಕ್ಕೇ ತಿದ್ದುಪಡಿ. ದೇಶಕಾಲ (ಜಾಗ, ಸಮಯ ಎರಡೂ ಸೇರಿದ ಹಂದರ) ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳಲೂಬಹುದು ಅಂತ ಫ್ರಾನ್ಸಿನ ಗಣಿತಜ್ಞ ಕಾರ್ತಾನ್ 1922ರಲ್ಲೇ ಹೇಳಿದ್ದರಂತೆ. ಕಣಗಳ ಸ್ಪಿನ್ (ಹುಟ್ಟಿನಿಂದಲೇ ಬಂದ ಒಂಥರಾ ಗಿರಕಿ) ಈ ತಿರುಚುವಿಕೆಗೆ ಕಾರಣವಾದರೆ, ವಿಪರೀತ ಒತ್ತೊತ್ತಾದಾಗ ಅದೇ ಹಿಂದಕ್ಕೆ ನೂಕುತ್ತದೆ. 'ಆಗ ಒಳಗೆ ಕುಸಿಯುತ್ತಿರೋ ವಸ್ತು ಏನಾಗುತ್ತೆ ಅಂದರೆ...' ಅಂದರು ಮೇಡಂ. ಕರೆಂಟ್ ಹೋಯಿತು.

ಜನರೇಟರ್ ಇದೆ, ಡೀಸೆಲ್ ಇಲ್ಲ. 'ಬಿಲ್ ಪಾಸಾಗಿಲ್ಲ ಸಾರ್' ಅಂದ ವಾಚ್‌ಮನ್. ಕತ್ತಲಲ್ಲಿ ಮುಕ್ಕಾಲು ಗಂಟೆ ಬೀಸಣಿಗೆ ಮಾಡಿಕೊಂಡೆವು, ಆಹ್ವಾನ ಪತ್ರಿಕೆಯಲ್ಲೇ. ಆಮೇಲೆ ಅವನೇ ಬಂದು 'ಮಧ್ಯಾಹ್ನ ಸೀಮಂತ ಇದೆ, ಎದ್ದೇಳಿ' ಅಂದ. ಸೀಮಂತದವರು ತಮ್ಮದೇ ಜನರೇಟರ್ ತಂದಿದ್ದರು. ಜಾಣರು. ಅಂದಹಾಗೆ, ಮೇಡಂ ಅರ್ಧಕ್ಕೇ ನಿಲ್ಲಿಸಿದ ಮಾತಿನ ಉತ್ತರ: ಕುಸಿತ ನಿಂತು ವಾಪಸ್ ಪುಟಿಯಬಹುದಂತೆ. ಇದನ್ನು ಮನೆಗೆ ಬಂದಮೇಲೆ ಮೊಮ್ಮಗಳೇ ಫೋನಿನಲ್ಲಿ ಹುಡುಕಿ ಹೇಳಿದಳು. ಅದಕ್ಕೆ ನಾವು ಅಷ್ಟು ದೂರ ಹೋಗಬೇಕಿತ್ತಾ?

ಇನ್ನು ನಿಮ್ಮ 'ಸಡ್ಡು'. ಸಡ್ಡು ಎಲ್ಲಿ ಬಂತು ಸ್ವಾಮಿ? 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಗುರುತ್ವದ ಅಲೆ ನಮ್ಮನ್ನು ತಲುಪಿತು. 1.7 ಸೆಕೆಂಡ್ ಆದಮೇಲೆ ಬೆಳಕಿನದೇ ಒಂದು ಬಗೆಯಾದ ಗಾಮಾ ಕಿರಣವೂ ಬಂತು. ಸುಮಾರು 13 ಕೋಟಿ ವರ್ಷದ ಪ್ರಯಾಣದಲ್ಲಿ ಅಷ್ಟೇ ವ್ಯತ್ಯಾಸ. ಎರಡರ ವೇಗ ಬೇರೆ ಬೇರೆ ಅನ್ನುತ್ತಿದ್ದ ಎಷ್ಟೋ ತಿದ್ದುಪಡಿಗಳು ಅದರಿಂದಲೇ ಬಿದ್ದುಹೋದವು. ಐನ್‌ಸ್ಟೈನ್ ಅಲ್ಲಾಡಲಿಲ್ಲ. ಇದನ್ನೂ ಮೇಡಂ ಮೊದಲ ಹತ್ತು ನಿಮಿಷದಲ್ಲೇ ಹೇಳಿದ್ದರು.

ನೋಡಿ, ಭೌತಶಾಸ್ತ್ರದಲ್ಲಿ ತಿದ್ದುಪಡಿಗೆ 'ಆಗಲ್ಲ' ಅನ್ನೋ ಉತ್ತರವಾದರೂ ಸಿಗುತ್ತದೆ. ನಮ್ಮ ಮನೆ ಖಾತಾದಲ್ಲಿ ನಮ್ಮ ತಂದೆಯವರ ಹೆಸರು 'ರಾಮಯ್ಯ' ಹೋಗಿ 'ರಮ್ಯಾ' ಆಗಿದೆ. ಮೂರು ವರ್ಷದಿಂದ ಅರ್ಜಿ 'ಪರಿಶೀಲನೆಯಲ್ಲಿದೆ'. ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿ. ಒಂದು ಸಲ 'ರಮ್ಯಾ ಅವರನ್ನೇ ಕರೆದುಕೊಂಡು ಬನ್ನಿ' ಅಂದರು. ತಂದೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಅಲುಗಿದ ಕಪ್ಪುಕುಳಿ ಹೇಗೆ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿದ ಸಿ. ವಿ. ವಿಶ್ವೇಶ್ವರ ಇದೇ ಬೆಂಗಳೂರಿನವರು. ಅಂಥ ಊರಲ್ಲಿ ಎರಡು ಗಂಟೆ ಕರೆಂಟ್ ಕೊಟ್ಟು ಒಂದು ಉಪನ್ಯಾಸ ಮುಗಿಸೋಕೆ ಆಗಲ್ವಾ?

ಉಳಿದರ್ಧ ಉಪನ್ಯಾಸವನ್ನು ಮತ್ತೆ ಇಡಿಸಬೇಕು. ಇಲ್ಲವೇ ಆ ಬಿಲ್ ತಡೆದು ಕೂತ ಮಹಾನುಭಾವರು ಯಾರು ಅಂತ ಸಭಾಂಗಣದ ಬಾಗಿಲಲ್ಲಿ ಬೋರ್ಡ್ ಹಾಕಲಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಖಾತಾ ಕಡೆಗೂ ಯಾರಾದರೂ ಸ್ವಲ್ಪ ಕಣ್ಣು ಹಾಯಿಸಲಿ. ಸಂಬಳ ಮಾತ್ರ ತಿಂಗಳ ಮೊದಲನೇ ತಾರೀಖಿಗೇ ಬೇಕು ಇವರಿಗೆ!

ಇಂತಿ,
ನಿಮ್ಮ ಹಳೆಯ ಓದುಗ,
ಕೆಂಗೇರಿ ಉಪನಗರ, ಬೆಂಗಳೂರು