ಬಿಸ್ಕತ್ತಿನ ಡಬ್ಬಿಯ ಅಕ್ಕಿ

ಪ್ರೀತಿಯ ಪುಟ್ಟಿಗೆ,

ಕರ್ತನ ಹೆಸರಲ್ಲಿ ವಂದನೆ ಅಂತ ಶುರು ಮಾಡಿದರೆ ನೀನು ಓದದೆ ಬಿಡುತ್ತೀ. ಅದಕ್ಕೇ ಬರೆದಿಲ್ಲ.

ಫೋನಿನಲ್ಲಿ ಆದದ್ದು ಆಯಿತು. ಒಂದು ಮಾತು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ. "ನೀನು ಎಷ್ಟು ಮುದುಕರ ಹೇಲು ಬಾಚಿದರೂ..." ಅಂದೆನಲ್ಲ, ಅದು. ಉಳಿದದ್ದರ ಬಗ್ಗೆ ನನಗಿನ್ನೂ ಸಿಟ್ಟಿದೆ.

ನೀನಿರುವ ಜರ್ಮನಿಯಲ್ಲಿ ಚರ್ಚ್ ತೆರಿಗೆ ಅಂತ ಒಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಆದಾಯ ತೆರಿಗೆ ಎಷ್ಟಾಗುತ್ತದೋ ಅದರ ಶೇಕಡಾ 8ರಷ್ಟನ್ನು ಸಂಬಳದಲ್ಲೇ ಹಿಡಿದು ಚರ್ಚಿಗೆ ಕೊಡುವುದಂತೆ! ನಮ್ಮಲ್ಲಿ ಹಾಗೆ ಮಾಡಿದರೆ ಸಭೆಯಲ್ಲಿ ಎಷ್ಟು ಜನ ಉಳಿಯುತ್ತಾರೋ. ಆದರೆ ನೀನು ಕಚೇರಿಗೆ ಹೋಗಿ, ಸಹಿ ಹಾಕಿ, ಹೆಸರು ತೆಗೆಸಿ, ಆ ದುಡ್ಡನ್ನು ಗೆಳತಿಯ ಅಪ್ಪನ ಡಯಾಲಿಸಿಸ್‌ಗೆ ಕಳಿಸುತ್ತಿದ್ದೇನೆ ಅಂದಾಗ ನನಗೆ ಮಾತೇ ತೋಚಲಿಲ್ಲ. ತೋಚದಿದ್ದಾಗ ನಾನು ಬೈಬಲ್ ವಚನ ಹೇಳುತ್ತೇನೆ. 23 ವರ್ಷ ಸಂಡೇ ಸ್ಕೂಲ್ ನಡೆಸಿದ ಚಾಳಿ. ಪೌಲ ಎಫೆಸದವರಿಗೆ ಬರೆದ ಪತ್ರಿಕೆ, ಎರಡನೇ ಅಧ್ಯಾಯ, ಎಂಟು ಮತ್ತು ಒಂಬತ್ತು: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಕೆಲಸದಿಂದಲ್ಲ. "ಹತ್ತನೇದು ಯಾಕೆ ಬಿಟ್ಟೆ ಅಮ್ಮ?" ಅಂದೆ ನೀನು. ಒಳ್ಳೆಯ ಕೆಲಸ ಮಾಡಲಿ ಅಂತಲೇ ದೇವರು ನಮ್ಮನ್ನು ಉಂಟುಮಾಡಿದ್ದು ಅನ್ನುವ ವಚನ. ಮೈ ಉರಿಯಿತು. ಒಳಗೊಳಗೆ ಜಂಬವೂ ಬಂತು. ಅದನ್ನು ಬಾಯಿಪಾಠ ಮಾಡಿಸಿದ್ದು ನಾನೇ ಅಲ್ವಾ.

ಆ ರಾತ್ರಿ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಬಿಸ್ಕತ್ತಿನ ಡಬ್ಬಿ.

ನಿನಗೆ ನೆನಪಿದೆಯೋ ಇಲ್ಲವೋ. ಮೂರನೇ ಕ್ಲಾಸು ನೀನು. ದಿನಾ ನಾನು ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಿದ್ದೆ. ತಿಂಗಳ ಕೊನೆಗೆ ಚರ್ಚಿನ ಹೆಂಗಸರ ಕೂಟಕ್ಕೆ, ಅಲ್ಲಿಂದ ಬಡವರಿಗೆ. ಆಟಿ ತಿಂಗಳ ಒಂದು ಸಂಜೆ, ಜಡಿಮಳೆ. ಒಬ್ಬಳು ಹೆಂಗಸು ಬಂದು ಮಾಡಿನ ನೀರು ಬೀಳುವಲ್ಲೇ ನಿಂತಳು. ಜಗಲಿ ಹತ್ತಲಿಲ್ಲ. "ಒಂದು ಸೇರು ಅಕ್ಕಿ ಕೊಡಿ ಅಕ್ಕ, ಸೋಮವಾರ ವಾಪಸ್ ಕೊಡ್ತೇನೆ" ಅಂದಳು. ಸಾಲ ಕೇಳಿದಳು, ಭಿಕ್ಷೆಯಲ್ಲ. ನಾನು ಅಕ್ಕಿ ಇಲ್ಲ ಅಂದೆ. ನಿಮಗೋಸ್ಕರ ಪ್ರಾರ್ಥನೆ ಮಾಡ್ತೇನೆ ಅಂದೆ. ನಿಜವಾಗಿಯೂ ಮಾಡಿದೆ, ಬಾಗಿಲು ಹಾಕಿಕೊಂಡು.

ಡಬ್ಬಿಯ ಅಕ್ಕಿ ದೇವರದ್ದು, ಮುಟ್ಟಬಾರದು ಅಂತ ನನ್ನ ಲೆಕ್ಕ. ನೀನು ಹಿಂದಿನ ಬಾಗಿಲಿನಿಂದ ಲಂಗದಲ್ಲಿ ಅದೇ ಅಕ್ಕಿ ಸುರಿದುಕೊಂಡು ಓಡಿದೆ. ಅವಳು ಸಿಗಲಿಲ್ಲ. ತೊಯ್ದು ಬಂದವಳ ಬೆನ್ನಿಗೆ ಎರಡು ಹಾಕಿದೆ. ಆಮೇಲೆ ಆ ಒದ್ದೆ ಅಕ್ಕಿಯನ್ನು ಪೇಪರಿನ ಮೇಲೆ ಹರವಿ, ಒಲೆಯ ಪಕ್ಕ ಒಣಗಿಸಿ, ಕೂಟಕ್ಕೆ ಕೊಟ್ಟೆ. ಮುಗ್ಗಲು ವಾಸನೆ ಬರುತ್ತಿತ್ತು. ಯಾರೂ ಏನೂ ಅನ್ನಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಮನೆಯ ಅಕ್ಕಿಯೂ ಇತ್ತು. ಎರಡು ದಿನಕ್ಕೆ ಸಾಕಾಗುವಷ್ಟು ಕುಚ್ಚಲಕ್ಕಿ. ಇರಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಅವಳು ಯಾರು, ಯಾವ ಕಡೆಯವಳು, ಸೋಮವಾರ ಏನು ಮಾಡಿದಳು, ಒಂದೂ ಗೊತ್ತಿಲ್ಲ.

ಹೊಟ್ಟೆಗಿಲ್ಲದವರಿಗೆ ಏನೂ ಕೊಡದೆ "ಹೋಗಿ ಬನ್ನಿ, ಬೆಚ್ಚಗಿರಿ" ಅಂದರೆ ಏನು ಬಂತು ಅಂತ ಯಾಕೋಬ ಬೈಬಲಿನ ತನ್ನ ಪತ್ರಿಕೆಯಲ್ಲಿ ಕೇಳುತ್ತಾನಲ್ಲ, ಆ ಅಧ್ಯಾಯವನ್ನು ಮಕ್ಕಳಿಗೆ ಬೇಗ ಬೇಗ ದಾಟಿಸುತ್ತಿದ್ದೆ. ನಮ್ಮ ಪ್ರೊಟೆಸ್ಟಂಟ್ ಸಭೆಗಳಿಗೆ ದಾರಿ ಹಾಕಿದ ಲೂಥರ್‌ಗೂ ಅದು ಗಂಟಲಿಗೆ ಸಿಕ್ಕಿಕೊಂಡಿತ್ತು. 1522ರ ತಮ್ಮ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಅದನ್ನು ಒಣಹುಲ್ಲಿನ ಪತ್ರಿಕೆ ಅಂದರು. ಅಲ್ಲಿಯ ಲೂಥರ್ ಬೈಬಲ್ ತೆಗೆದು ನೋಡು. ನಮ್ಮಲ್ಲಿ ಪೇತ್ರನ ಮುಂಚೆ ಇರುವ ಯಾಕೋಬ ಅಲ್ಲಿ ಹಿಂದೆ, ಯೂದನ ಪಕ್ಕದಲ್ಲಿ ಕೂತಿದ್ದಾನೆ. ಆದರೂ ಕಿತ್ತು ಎಸೆಯಲಿಲ್ಲ. ಪೌಲ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನು, ಯಾಕೋಬ ಕರೆಯುವುದೂ ಅವನನ್ನೇ. ಒಬ್ಬ ಅವನು ನಕ್ಷತ್ರ ನೋಡಿ ನಂಬಿದ್ದನ್ನು ಹೇಳುತ್ತಾನೆ, ಇನ್ನೊಬ್ಬ ಅವನು ಮಗನನ್ನು ಬಲಿಪೀಠದ ಮೇಲೆ ಮಲಗಿಸಿದ್ದನ್ನು.

ನೀನಿರುವ ಸೀಮೆಯಿಂದಲೇ ಮಿಷನರಿ ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು. ಅವರ ಬಾಸೆಲ್ ಮಿಷನ್‌ನವರು ಸಾರಿದ್ದು ಕೃಪೆಯನ್ನೇ. ಆದರೆ ದೀಕ್ಷಾಸ್ನಾನ ಆದವರ ಮನೆ, ಕಸುಬು ಎರಡೂ ಹೋದಾಗ ಪ್ರಾರ್ಥನೆ ಮಾಡಿ ಸುಮ್ನೆ ಕೂರಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಪಪ್ಪನ ಕಡೆಯವರು ಎರಡು ತಲೆಮಾರು ಅಲ್ಲೇ ಅನ್ನ ಉಂಡರು. ನೋಡು, ಮತ್ತೆ ಪಾಠ ಶುರುವಾಯಿತು. ತಡಿ.

ನನ್ನ ಭಯ ಬೇರೆ. ಚರ್ಚಿನದಲ್ಲ, ನಿನ್ನದು. ಪಾಳಿ ಮುಗಿದು ಫೋನ್ ಮಾಡುವಾಗ "ಇವತ್ತು ಇಬ್ಬರನ್ನು ಎಬ್ಬಿಸಿ ಕೂರಿಸಲು ಆಗಲಿಲ್ಲ ಅಮ್ಮ" ಅಂತ ಅಳುತ್ತೀ. ಮಾಡಿದ ಹದಿನೆಂಟು ಜನರ ಲೆಕ್ಕ ಹೇಳುವುದಿಲ್ಲ. ಕೆಲಸವನ್ನೇ ದೇವರು ಮಾಡಿಕೊಂಡರೆ ಅದು ಸಾಕು ಅನ್ನುವುದಿಲ್ಲ ಮಗಾ. ನಿನಗೂ ಒಂದು ದಿನ ಸೊಂಟ ಬಿದ್ದು, ಯಾರಿಗೂ ಏನೂ ಮಾಡಲಾಗದೆ ಮಲಗುತ್ತೀ. ಆವತ್ತೂ ನೀನು ದೇವರಿಗೆ ಬೇಕಾದವಳೇ. ಕೃಪೆ ಅಂದರೆ ನನಗೆ ಗೊತ್ತಿರುವುದು ಇಷ್ಟೇ. ಅದನ್ನು ಹೇಳಲು ಹೋಗಿ ಬಾಯಲ್ಲಿ ಏನೋ ಬಂತು.

ಗೆಳತಿಯ ಅಪ್ಪನಿಗೆ ವಾರಕ್ಕೆ ಎಷ್ಟು ಸಲ ಡಯಾಲಿಸಿಸ್ ಅಂತ ತಿಳಿಸು. ಪಪ್ಪನ ಪೆನ್ಷನ್‌ನಲ್ಲಿ ಸ್ವಲ್ಪ ಕಳಿಸೋಣ ಅಂತಿದ್ದೇವೆ. ಚರ್ಚಿಗೆ ಕೊಡುವ ಹತ್ತನೇ ಒಂದು ಪಾಲು, ಆ ದಶಮಾಂಶದಿಂದ ತೆಗೆಯುತ್ತೇನೆ ಅಂದುಕೊಳ್ಳಬೇಡ. ಅದು ಬೇರೆ, ಇದು ಬೇರೆ.

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳದೆ ಯಾರನ್ನೂ ಎತ್ತಬೇಡ.

ಅಮ್ಮ