ಅವ್ವಗ, ತ್ರಿಕೋನದ ಕೌದಿ ಬಗ್ಗೆ

ಲಿಂಕನ್, ನೆಬ್ರಾಸ್ಕಾ, ಅಮೇರಿಕಾ

ಅವ್ವಾ,

ನಾ ಆರಾಮದೀನಿ, ನೀವೆಲ್ಲಾರೂ ಆರಾಮ ಅದೀರಿ ಅನ್ಕೊಂಡೀನಿ. ನಾ ಕಳಿಸಿದ ಇಲ್ಲಿ ಕೌದಿ ಫೋಟೋದಾಗ ತ್ರಿಕೋನದ ತುಂಡು ಅಷ್ಟು ನೆಟ್ಟಗ ಹೆಂಗ ಕೂಡಸ್ಯಾರ ಅಂತ ಕೇಳಿದ್ದಿ ಅಲ್ಲಾ, ಫೋನಿನ್ಯಾಗ ಹೇಳಿದ್ರ ತಿಳಿಯೂದಿಲ್ಲ ಅಂತ ಬರದು ಕಳಸಾಕತ್ತೀನಿ. ಇಲ್ಲಿ ಯೂನಿವರ್ಸಿಟಿಯವ್ರದು ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ಅಂತ ಐತಿ, ಬರೇ ಕೌದಿಗೇ ಒಂದು ಮ್ಯೂಸಿಯಂ, ನೀ ಬಂದಾಗ ಮೊದಲು ಅಲ್ಲೇ ಕರಕೊಂಡು ಹೋಗ್ತೀನಿ.

ಮುಖ್ಯ ಏನಂದ್ರ ಇಲ್ಲಿ ಕೌದಿ ಹೊಲ್ಯೂವ್ರು ತ್ರಿಕೋನ ಕತ್ತರಿಸಿ ಹೊಲ್ಯೂದಲ್ಲ, ಮೊದಲ ಹೊಲಿಗಿ, ಆಮ್ಯಾಲ ಕತ್ತರಿ. ಬ್ಲೌಸಿಗೆ ಕ್ರಾಸ್ ಕಟ್ ಮಾಡಿದ ಬಟ್ಟಿ ಹೆಂಗ ಜಗ್ಗತೈತಿ ನಿನಗ ಗೊತ್ತದ, ತ್ರಿಕೋನದ ಉದ್ದನೇ ಬದಿನೂ ಹಂಗ, ಮೊದಲ ಕತ್ತರಿಸಿದ್ರ ಮಷೀನಿನ ಕೆಳಗ ಹೋಗೂದ್ರಾಗ ಸೊಟ್ಟ ಆಗಿರ್ತೈತಿ.

ಎರಡು ಬಣ್ಣದ ಬಟ್ಟಿ ತಗೊಂಡು 4 ಇಂಚಿನ ಚೌಕ ಒಂದೊಂದು ಕತ್ತರಿಸು, ಸೀದಾ ಮಗ್ಗಲು ಒಳಗ ಬರೂಹಂಗ ಒಂದರ ಮ್ಯಾಲ ಒಂದಿಟ್ಟು ಮೂಲಿಯಿಂದ ಮೂಲಿಗೆ ಪೆನ್ಸಿಲ್ ಗೆರಿ ಎಳಿ, ಗೆರಿ ಮ್ಯಾಲ ಹೊಲೀಬ್ಯಾಡ, ಅದರ ಎರಡೂ ಕಡೆ ಕಾಲಿಂಚು ಬಿಟ್ಟು ಹೊಲಿ, ಆಮ್ಯಾಲ ಗೆರಿ ಮ್ಯಾಲ ಕತ್ತರಿಸಿ ಬಿಚ್ಚಿದ್ರ ಎರಡು ಬಣ್ಣದ ಚೌಕ ಎರಡು ಸಿಗ್ತಾವ. ಅವನ್ನ ಮೂರೂವರಿ ಇಂಚಿಗೆ ಸಮ ಮಾಡ್ಕೋ, ಕೌದಿಯೊಳಗ ಹೊಲದ ಮ್ಯಾಲ 3 ಇಂಚು ಉಳೀತೈತಿ. ಲೆಕ್ಕ ಪ್ರಕಾರ ಕಡೀಕ ಉಳಿಯೂ ಅಳತಿಗೆ 7/8 ಇಂಚು ಕೂಡಸಿ ಚೌಕ ಕತ್ತರಿಸಿದ್ರ ಸಾಕು, ಆದ್ರ ಪೂರಾ ಒಂದಿಂಚು ಕೂಡಸಿ ಆಮ್ಯಾಲ ಸಮ ಮಾಡೂದ ಚಲೋ, ಮೂಲಿ ಮೂಲಿಗೆ ಕರೆಕ್ಟ್ ಕೂಡತಾವ.

ಇಂಥಾ ಚೌಕ ಒಮ್ಮೆಗೇ ಎಂಟು ಬೇಕಂದ್ರ ಎರಡು ಬಣ್ಣದ 8 ಇಂಚಿನ ಚೌಕ ಒಂದೊಂದು ತಗೊಂಡು ಹಂಗೇ ಒಂದರ ಮ್ಯಾಲ ಒಂದಿಡು, ಎರಡೂ ಕರ್ಣದ ಗೆರಿ ಎಳಿ, ಪ್ರತಿ ಗೆರಿಗೆ ಎರಡೂ ಕಡೆ ಕಾಲಿಂಚಿಗೆ ಹೊಲಿಗಿ ಹಾಕು, ನಟ್ಟನಡುವ ಉದ್ದಕ್ಕ ಅಡ್ಡಕ್ಕ ಕತ್ತರಿಸಿ ಆಮ್ಯಾಲ ಗೆರಿ ಮ್ಯಾಲ ಕತ್ತರಿಸು, ಅವೂ ಮೂರೂವರಿ ಇಂಚಿಗೇ ಬರ್ತಾವ. ಇನ್ನೊಂದು ಪದ್ಧತಿ ಐತಿ, ಜೋಡಿಸಿದ ಚೌಕದ ನಾಲ್ಕೂ ಅಂಚಿಗೆ ಸುತ್ತ ಹೊಲದು ಎರಡೂ ಕರ್ಣಕ್ಕ ಕತ್ತರಿಸಿ ನಾಲ್ಕು ತಗೀತಾರ, ಲಗೂನ ಆಗ್ತೈತಿ ಖರೆ, ಆದ್ರ ಹೊರಗಿನ ಅಂಚೆಲ್ಲಾ ಕ್ರಾಸ್ ಆಗ್ತಾವ, ಅದಕ್ಕ ನಿನ್ನ ಹಳೇ ಸೀರಿಗೆ ಅದು ಬ್ಯಾಡ ಅವ್ವಾ. ತೊಳದು ತೊಳದು ಮೆತ್ತಗಾದ ಬಟ್ಟಿಗೆ ಎರಡೆರಡು ತಗಿಯೂ ಮೊದಲಿನ ಪದ್ಧತೀನ ಛಲೋ. ಕತ್ತರಿಸೂಕಿಂತ ಮೊದಲ ಗಂಜಿ ಹಾಕಿ ಇಸ್ತ್ರಿ ಮಾಡ್ಕೋ, ಜಗ್ಗೂದ ಕಮ್ಮಿ ಆಗ್ತೈತಿ.

ಇಸ್ತ್ರಿ ಅಂದ್ರ ಜಗ್ಗಿ ತಿಕ್ಕಬ್ಯಾಡ, ಮ್ಯಾಲಿಂದ ಒತ್ತಿ ಎತ್ತಬೇಕು. ಹೊಲಿಗಿ ಅಂಚು ಗಾಢ ಬಣ್ಣದ ಕಡೆ ಮಡಚಿದ್ರ ತಿಳಿ ಬಣ್ಣದೊಳಗಿಂದ ಕಾಣೂದಿಲ್ಲ. ನಾಲ್ಕು ತುಂಡು ಸೇರಿಸಿ ಗಿರಿಗಿಟ್ಲಿ ಡಿಸೈನ್ ಮಾಡಿದ್ರ ನಡುವ ಎಂಟು ಚೂಪು ಬಂದು ದಪ್ಪ ಆಗ್ತೈತಿ, ಅಲ್ಲೆ ಅಂಚು ಎರಡೂ ಕಡೆ ಬಿಚ್ಚಿ ಒತ್ತು, ಇಲ್ಲಾಂದ್ರ ಕೈಹೊಲಿಗಿ ಹಾಕೂವಾಗ ಸೂಜಿ ಹೋಗೂದಿಲ್ಲ. ಹಳಿಯಾಳ ಕಡೆ ಸಿದ್ದಿ ಹೆಣ್ಮಕ್ಕಳು ಕೌದಿ ಮೂಲಿಗೆ ಬಟ್ಟಿ ಮಡಚಿ ತ್ರಿಕೋನ ಇಡ್ತಾರಲ್ಲ, ಫೂಲ (ಹೂವು) ಅಂತ, ಅದು ನನಗ ಇದಕ್ಕಿಂತ ಚಂದ ಅನಸ್ತೈತಿ, ನಿನ್ನ ಕೌದಿಯ ನಾಲ್ಕು ಮೂಲಿಗೂ ಅದನ್ನೇ ಹಾಕು.

ಇಳಕಲ್ ಸೀರಿ ಒಡಲಷ್ಟೇ ತಗೋ, ಸೆರಗಿನ ರೇಷ್ಮಿ ಹತ್ತಿ ಜೋಡಿ ಜಾರತೈತಿ. ಮೊದಲು ಎರಡು ತುಂಡು ಹೊಲದು ವಾಟ್ಸಾಪಿನ್ಯಾಗ ಫೋಟೋ ಹಾಕು, ಪಕ್ಕದಾಗ ಟೇಪ್ ಇಟ್ಟು ತಗೀ, ಅಳತಿ ನೋಡಿ ಹೇಳ್ತೀನಿ.

ನಿನ್ನ ಮಗಳು